ಪುಪ್ಪುಸದಾಗಿನ ನೀರುಗುಳ್ಳೆ: ಆಪರೇಷನ್ ದವಾಖಾನಿಯೊಳಗೆ, ಕಾರಣ ನಮ್ಮ ಊರೊಳಗೆ

(ಪಾಡ್‌ಕಾಸ್ಟ್‌ನ ಲಿಖಿತ ರೂಪ)

 

ಇವತ್ತಿನ ವಿಷಯ ಹೈಡಾಟಿಡ್ ಸಿಸ್ಟ್. ಹೆಸರು ಕೇಳಿ ಹೆದರಬ್ಯಾಡ್ರಿ. ನೀರು ತುಂಬಿದ ಒಂದು ಗುಳ್ಳೆ ಅಷ್ಟೇ. ಆದ್ರೆ ಆ ಗುಳ್ಳೆ ಒಂದು ಹುಳುವಿನ ಮನೆ. ಅದು ಮನುಷ್ಯನ ಲಿವರ್‌ನಲ್ಲಿ ಬೆಳೀತದ, ಪುಪ್ಪುಸದಲ್ಲಿ, ಅಂದ್ರೆ ಶ್ವಾಸಕೋಶದಲ್ಲಿಯೂ ಬೆಳೀತದ. ಪುಪ್ಪುಸದಲ್ಲಿ ದೊಡ್ಡದಾದ್ರೆ ಆಪರೇಷನ್ ಮಾಡಿ ತೆಗೀಬೇಕಾಗ್ತದ.

ಮೊದಲೇ ಒಂದು ಮಾತು ಸ್ಪಷ್ಟ ಮಾಡ್ತೀನಿ. ನಾನು ಡಾಕ್ಟರ್ ಅಲ್ಲ, ಓದಿರೋದು ಬಿ.ಕಾಂ. ನಾನು ಹೇಳೋದು ಮಾಹಿತಿ, ಔಷಧಿ ಚೀಟಿ ಅಲ್ಲ. ಆದ್ರೆ ಕಾಮರ್ಸ್ ಓದಿದವರಿಗೆ ಒಂದು ಚಟ ಇರ್ತದ: ಯಾವುದೇ ವಿಷಯ ಬರಲಿ, ಖರ್ಚು ಯಾರ ಖಾತೆಗೆ ಬಿತ್ತು ಅಂತ ನೋಡೋದು. ಈ ಕಾಯಿಲೆಗೆ ಆ ಪ್ರಶ್ನೆ ಬಹಳ ಚೆನ್ನಾಗಿ ಹೊಂದ್ತದ. ಕೊನೆಗೆ ಅಲ್ಲಿಗೇ ಬರ್ತೀನಿ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು ಇದನ್ನ ಯಾಕೆ ಕೇಳಬೇಕು? ಈ ಹುಳುವಿಗೆ ಬದುಕೋದಕ್ಕೆ ಮೂರು ಸಂಗತಿ ಬೇಕು: ಕುರಿ, ನಾಯಿ, ಮತ್ತೆ ಕುರಿ ಕೊಯ್ದ ಮೇಲೆ ಒಳಗಿನ ಭಾಗ ನಾಯಿ ಬಾಯಿಗೆ ಸಿಗೋ ಪದ್ಧತಿ. ಅಮರ್ಜಾ ದಂಡೆಯಿಂದ ಹಿಡಿದು ಭೀಮಾ ನದಿಯ ಆಚೆ-ಈಚೆವರೆಗೆ ನಮ್ಮಲ್ಲಿ ಈ ಮೂರೂ ಅದಾವ. ರಾಶಿ ಮುಗಿದ ಮೇಲೆ ಗೊಬ್ಬರಕ್ಕಂತ ಹೊಲದಾಗ ಕುರಿ ಹಿಂಡು ನಿಲ್ಲಿಸ್ತೀವಿ. ಹಿಂಡಿನ ಜೊತೆ ನಾಯಿ ಇದ್ದೇ ಇರ್ತದ. 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿ ಇದ್ದವು. ದೇಶದಲ್ಲಿ ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ನಾವೇ.

ಪಕ್ಕದ ಆಂಧ್ರದ ಕರ್ನೂಲು ನೋಡ್ರಿ. ನಮ್ಮಂಗೇ ಒಣ ಸೀಮೆ, ನಮ್ಮಂಗೇ ಕುರಿ ಸಾಕೋ ಮಂದಿ. ಅಲ್ಲಿಯ ವೈದ್ಯರು 1968ರಲ್ಲೇ ತಮ್ಮ ಊರಿನ ಹೈಡಾಟಿಡ್ ಕಾಯಿಲೆ ಬಗ್ಗೆ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಬರೆದಿದ್ದರು. ಅಂದ್ರೆ ದಖ್ಖನ್ನಿನ ಈ ಭಾಗಕ್ಕೆ ಈ ಹುಳು ಹೊಸ ಅತಿಥಿ ಅಲ್ಲ.

ಹುಳು ಹ್ಯಾಂಗ ತಿರುಗ್ತದ?

ಇದು ಒಂದು ಜಾತಿಯ ಲಾಡಿಹುಳು. ವೈಜ್ಞಾನಿಕ ಹೆಸರು ಎಕಿನೋಕಾಕಸ್ ಗ್ರಾನ್ಯುಲೋಸಸ್. ಲಾಡಿಹುಳು ಅಂದ ಕೂಡಲೇ ಮಾರುದ್ದದ ಹುಳು ನೆನಪಾಗ್ತದ ಅಲ್ವಾ? ಇದು ಹಂಗಿಲ್ಲ. ಬೆಳೆದ ಹುಳುವಿನ ಉದ್ದ 3ರಿಂದ 6 ಮಿಲಿಮೀಟರ್, ಹೆಚ್ಚೂಕಡಿಮೆ ಒಂದು ಜೋಳದ ಕಾಳಿನಷ್ಟು. ಇಂಥವು ಸಾವಿರಾರು ಸೇರಿ ನಾಯಿಯ ಕರುಳಿನಲ್ಲಿ ಇರಬಲ್ಲವು. ನಾಯಿಗೆ ಏನೂ ಆಗೋದಿಲ್ಲ. ಬಾಲ ಅಲ್ಲಾಡಿಸ್ಕೊಂಡು ಆರಾಮ ಇರ್ತದ.

ಹುಳುವಿನ ಮೊಟ್ಟೆ ನಾಯಿಯ ಹೇಲಿನ ಜೊತೆ ಹೊರಗೆ ಬರ್ತದ. ಕಣ್ಣಿಗೆ ಕಾಣದಷ್ಟು ಸಣ್ಣದು. ಹುಲ್ಲಿಗೆ, ಮಣ್ಣಿಗೆ, ನೀರಿಗೆ, ನಾಯಿಯ ಕೂದಲಿಗೆ ಅಂಟಿಕೊಳ್ತದ. ಕುರಿ ಮೇಯುವಾಗ ಆ ಮೊಟ್ಟೆ ಹೊಟ್ಟೆಗೆ ಹೋಗಿ ಮರಿ ಹೊರಗೆ ಬರ್ತದ, ಕರುಳಿನ ಗೋಡೆ ದಾಟಿ ರಕ್ತ ಸೇರ್ತದ, ಲಿವರ್‌ನಲ್ಲೋ ಪುಪ್ಪುಸದಲ್ಲೋ ನಿಂತು ನೀರುಗುಳ್ಳೆ ಆಗ್ತದ. ಆ ಕುರಿ ಕೊಯ್ದಾಗ ಗುಳ್ಳೆ ಇರೋ ಭಾಗವನ್ನ ನಾಯಿ ತಿಂತು ಅಂದ್ರೆ ಒಂದು ಸುತ್ತು ಮುಗೀತು. ಆರೇಳು ವಾರದಲ್ಲಿ ಆ ನಾಯಿ ಹೊಸ ಮೊಟ್ಟೆ ಹಾಕೋಕೆ ತಯಾರ್.

ಮನುಷ್ಯ ಈ ಸುತ್ತಿನೊಳಗೆ ಕರೆಯದೆ ಬಂದವನು. ನಾಯಿ ಮುಟ್ಟಿದ ಕೈ ತೊಳೀದೆ ಊಟ ಮಾಡಿದ, ಹೊಲದಾಗಿನ ಸೊಪ್ಪು ತೊಳೀದೆ ತಿಂದ, ಮೊಟ್ಟೆ ಬಿದ್ದ ನೀರು ಕುಡಿದ, ಹೀಗೆ ಯಾವುದೋ ದಾರಿಯಲ್ಲಿ ಅದು ಹೊಟ್ಟೆಗೆ ಹೋಗ್ತದ. ಮಣ್ಣಾಗ ಆಡೋ, ನಾಯಿಮರಿ ಅಪ್ಪಿಕೊಳ್ಳೋ ಮಕ್ಕಳಿಗೆ ಸಂಭವ ಹೆಚ್ಚು.

ಇಲ್ಲಿ ಎರಡು ತಪ್ಪು ತಿಳುವಳಿಕೆ ತೆಗೆದುಬಿಡೋಣ. ಒಂದು, ಮಟನ್ ತಿಂದ್ರೆ ಈ ಕಾಯಿಲೆ ಬರೋದಿಲ್ಲ. ಕುರಿಯ ಮೈಯಲ್ಲಿ ಇರೋದು ಗುಳ್ಳೆ, ಮೊಟ್ಟೆ ಅಲ್ಲ. ಮನುಷ್ಯನಿಗೆ ಅಂಟೋದು ನಾಯಿಯಿಂದ ಬಂದ ಮೊಟ್ಟೆ ಮಾತ್ರ. ಹಾಗಾಗಿ ಜನ್ಮದಾಗ ಮಟನ್ ಮುಟ್ಟದವರಿಗೂ ಇದು ಬರಬಹುದು. ಎರಡು, ಇದು ಮನುಷ್ಯನಿಂದ ಮನುಷ್ಯನಿಗೆ ಹರಡೋದಿಲ್ಲ. ಪೇಷಂಟಿನ ತಾಟು-ಲೋಟ ಬ್ಯಾರೆ ಇಡೋದು, ಮಗುನ ಹತ್ತಿರ ಬಿಡದೇ ಇರೋದು, ಇವೆಲ್ಲ ಬೇಕಿಲ್ಲ. ಹೈಡಾಟಿಡ್ ಅಂತ ಪಕ್ಕಾ ಆದ ಹುಡುಗಿಯ ಮದುವೆ ಮಾತುಕತೆ ನಿಲ್ಲಿಸೋದಂತೂ ಶುದ್ಧ ಅನ್ಯಾಯ.

ವರ್ಷಗಟ್ಟಲೆ ಸುಮ್ಮನೆ

ಮನುಷ್ಯರಲ್ಲಿ ಈ ಗುಳ್ಳೆ ಅತಿ ಹೆಚ್ಚು ಕಾಣೋದು ಲಿವರ್‌ನಲ್ಲಿ, ಸುಮಾರು 70 ಪರ್ಸೆಂಟ್. ಎರಡನೇ ಜಾಗ ಪುಪ್ಪುಸ, ಸುಮಾರು 20 ಪರ್ಸೆಂಟ್. ಲಿವರ್ ಗಟ್ಟಿ ಅಂಗ, ಪುಪ್ಪುಸ ಸ್ಪಂಜಿನಂಗೆ ಮೆತ್ತಗೆ. ಅಲ್ಲಿ ತಡೆಯೋರಿಲ್ಲ, ಗುಳ್ಳೆ ದೊಡ್ಡದಾಗೋಕೆ ಜಾಗ ಸಿಗ್ತದ. ವರ್ಷಕ್ಕೆ 1 ಸೆಂಟಿಮೀಟರ್‌ನಿಂದ 5 ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲದು.

ಸಣ್ಣದಿದ್ದಾಗ ಏನೂ ಗೊತ್ತಾಗೋದಿಲ್ಲ. ಸಣ್ಣವನಿದ್ದಾಗ ಸೇರಿದ ಮೊಟ್ಟೆ ಇಪ್ಪತ್ತೈದನೇ ವಯಸ್ಸಿಗೆ ಎಕ್ಸ್-ರೇಯಲ್ಲಿ ಕಾಣಿಸಿಕೊಳ್ಳಬಹುದು. ಗಲ್ಫ್ ಕೆಲಸಕ್ಕಂತ ಮೆಡಿಕಲ್ ಮಾಡಿಸಿದಾಗ, ಬ್ಯಾರೆ ಯಾವುದಕ್ಕೋ ಎದೆ ಫೋಟೋ ತೆಗೆಸಿದಾಗ ಗುಂಡಗೆ ಒಂದು ಬಿಳಿ ಕಲೆ ಕಾಣ್ತದ. ಗುಳ್ಳೆ ದೊಡ್ಡದಾದ ಮೇಲೆ ಕೆಮ್ಮು, ಎದೆ ನೋವು, ದಮ್ಮು ಹತ್ತೋದು, ಒಮ್ಮೊಮ್ಮೆ ಕಫದಾಗ ರಕ್ತ.

ಕೆಮ್ಮು, ಕಫದಾಗ ರಕ್ತ ಅಂದ ಕೂಡಲೇ ನಮ್ಮ ತಲೆಗೆ ಬರೋದು ಟಿಬಿ. ಬರಬೇಕಾದ್ದೇ, ಟಿಬಿ ನಮ್ಮಲ್ಲಿ ಬಹಳ ಅದ. ಅದಕ್ಕೆ ಕಫ ಪರೀಕ್ಷೆ ಮೊದಲು ಆಗಲೇಬೇಕು. ಪ್ರಶ್ನೆ ಬರೋದು ಆಮೇಲೆ. ಪರೀಕ್ಷೆಯಲ್ಲಿ ಟಿಬಿ ಇಲ್ಲ ಅಂತ ಬಂತು, ಕೆಮ್ಮು ಮಾತ್ರ ಹೋಗ್ತಾ ಇಲ್ಲ. ಆಗ ಮನೆಯೊಳಗೆ ಸಿರಪ್ ಮೇಲೆ ಸಿರಪ್ ಕುಡೀತಾ ಕೂರಬ್ಯಾಡ್ರಿ. ಎದೆಯ ಎಕ್ಸ್-ರೇ ಕೇಳ್ರಿ. ಮತ್ತೆ ಒಂದು ವಾಕ್ಯ ನೀವಾಗಿಯೇ ಹೇಳ್ರಿ: "ಸರ್, ನಮ್ಮ ಮನ್ಯಾಗ ಕುರಿ ಅದಾವ, ನಾಯಿ ಅದಾವ." ಡಾಕ್ಟರ್‌ಗೆ ಆ ಒಂದು ವಾಕ್ಯ ಬಹಳ ದೊಡ್ಡ ಸುಳಿವು.

ಇನ್ನೊಂದು ಸುಳಿವು ಗಟ್ಟಿಯಾಗಿ ನೆನಪಿಡ್ರಿ. ಗುಳ್ಳೆ ಶ್ವಾಸನಾಳದೊಳಗೆ ಒಡೆದರೆ ಒಮ್ಮೆಲೇ ಜೋರು ಕೆಮ್ಮು ಬಂದು ಬಾಯಿತುಂಬ ಉಪ್ಪು ರುಚಿಯ ನೀರು ಬರಬಹುದು. ಅದರ ಜೊತೆ ದ್ರಾಕ್ಷಿ ಸಿಪ್ಪೆಯಂಥ ಬಿಳಿ ಪೊರೆಯ ತುಂಡು ಬರಬಹುದು. ಕೆಲವರಿಗೆ ಅದರ ಹಿಂದೆಯೇ ಮೈಯೆಲ್ಲ ದದ್ದು, ಉಸಿರುಗಟ್ಟೋದು, ಬಿಪಿ ಬೀಳೋದು ಆಗ್ತದ. ಅದು ತೀವ್ರ ಅಲರ್ಜಿ. ಕ್ಷಣ ತಡ ಮಾಡದೆ 108ಕ್ಕೆ ಫೋನ್ ಮಾಡ್ರಿ. ಕೆಮ್ಮಿದ ಪೊರೆ ಸಿಕ್ಕರೆ ಒಂದು ಡಬ್ಬಿಯಲ್ಲಿ ಹಾಕಿ ಒಯ್ಯಿರಿ, ಪತ್ತೆ ಹಚ್ಚೋಕೆ ಸಹಾಯ ಆಗ್ತದ.

ಎಕ್ಸ್-ರೇ ನಂತರ ಸಿ.ಟಿ. ಸ್ಕ್ಯಾನ್ ಮಾಡ್ತಾರೆ. ಒಡೆದ ಗುಳ್ಳೆಯಲ್ಲಿ ಪೊರೆ ಕುಸಿದು ನೀರಿನ ಮೇಲೆ ತೇಲ್ತಾ ಇರ್ತದ, ಕೆರೆಯಲ್ಲಿ ನೈದಿಲೆ ತೇಲಿದಂಗೆ. ಅದಕ್ಕೆ ಡಾಕ್ಟರುಗಳು 'ವಾಟರ್ ಲಿಲಿ ಸೈನ್' ಅಂತಾನೇ ಹೆಸರಿಟ್ಟಾರೆ. ಒಂದು ರಕ್ತ ಪರೀಕ್ಷೆಯೂ ಅದ, ಆದ್ರೆ ಪುಪ್ಪುಸದ ಗುಳ್ಳೆ ಇದ್ದರೂ ಅದು ಕೆಲವೊಮ್ಮೆ ನೆಗೆಟಿವ್ ಬರಬಹುದು. ಹಾಗಾಗಿ ಸ್ಕ್ಯಾನ್ ಮತ್ತು ಡಾಕ್ಟರ ತೀರ್ಮಾನ ಮುಖ್ಯ. ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಮಾಡಿಸ್ತಾರೆ, ಯಾಕಂದ್ರೆ ಪುಪ್ಪುಸದಲ್ಲಿ ಇದ್ದವರಿಗೆ ಲಿವರ್‌ನಲ್ಲೂ ಇನ್ನೊಂದು ಇರಬಹುದು.

ಆಪರೇಷನ್ ಟೇಬಲ್ ಮೇಲೆ ಏನಾಗ್ತದ?

ಈಗ ಎಲ್ಲರೂ ಹೆದರೋ ಭಾಗಕ್ಕೆ ಬಂದ್ವಿ. ಆಪರೇಷನ್ ಅಂದ ಕೂಡಲೇ ಮನೆಯೊಳಗೆ ಮೂರು ಮಾತು ಏಳ್ತಾವ. "ಗುಳಿಗಿ ಒಳಗೆ ಹೋಗೋದಿಲ್ಲೇನು?" "ಸೂಜಿ ಹಾಕಿ ನೀರು ತೆಗೆದ್ರೆ ಸಾಲದೇನು?" "ಪುಪ್ಪುಸನೇ ಕತ್ತರಿಸಿ ತೆಗೀತಾರಂತ, ಆಮೇಲೆ ಹೊಲದ ಕೆಲಸ ಹ್ಯಾಂಗ ಮಾಡ್ತಾನ?" ಒಂದೊಂದಾಗಿ ನೋಡೋಣ.

ಗುಳಿಗೆ. ಔಷಧಿಯ ಹೆಸರು ಅಲ್ಬೆಂಡಝೋಲ್. ಸ್ಕೂಲಿನಾಗ ಜಂತುಹುಳುವಿಗೆ ಒಂದು ಚೀಪೋ ಗುಳಿಗಿ ಕೊಡ್ತಿದ್ರಲ್ಲ, ಅದೇ. ಸಣ್ಣ ಗುಳ್ಳೆಗಳಿಗೆ, ಆಪರೇಷನ್ ತಡೆಯಲಾಗದ ಪೇಷಂಟ್‌ಗಳಿಗೆ ಡಾಕ್ಟರುಗಳು ಇದನ್ನ ತಿಂಗಳುಗಟ್ಟಲೆ ಕೊಡ್ತಾರೆ. ಒಂದು ಗುಳಿಗೆ ನುಂಗಿದ್ರೆ ಗುಳ್ಳೆಗೆ ಏನೂ ಆಗೋದಿಲ್ಲ. ದೊಡ್ಡ ಗುಳ್ಳೆಗೆ ಬರೀ ಗುಳಿಗೆ ಸಾಲೋದೂ ಇಲ್ಲ. ಅದಕ್ಕಿಂತ ಮುಖ್ಯ, ಪುಪ್ಪುಸದಲ್ಲಿ ದೊಡ್ಡ ಗುಳ್ಳೆ ಇದ್ದಾಗ ಆಪರೇಷನ್‌ಗೆ ಮುಂಚೆ ಈ ಗುಳಿಗೆ ತಗೊಂಡ್ರೆ ಪೊರೆ ಸಡಿಲಾಗಿ ಗುಳ್ಳೆ ಒಡೆಯೋ ಅಪಾಯ ಅದ. ಅದಕ್ಕೆ ಮೆಡಿಕಲ್ ಶಾಪಿಗೆ ಹೋಗಿ ತಾವೇ ತಗೊಂಡು ನುಂಗಬಾರದು.

ಸೂಜಿ. ಲಿವರ್‌ನ ಕೆಲವು ಗುಳ್ಳೆಗಳಿಗೆ ಸೂಜಿ ಹಾಕಿ ನೀರು ತೆಗೆದು ಔಷಧಿ ತುಂಬೋ ಪದ್ಧತಿ ಅದ. ಪುಪ್ಪುಸದ ಗುಳ್ಳೆಗೆ ಅದನ್ನ ಮಾಡೋದಿಲ್ಲ. ಗುಳ್ಳೆಯ ನೀರಿನಲ್ಲಿ ಹುಳುವಿನ ಎಳೆ ತಲೆಗಳು ಲೆಕ್ಕವಿಲ್ಲದಷ್ಟು ಇರ್ತಾವ. ಆ ನೀರು ಎದೆಗೂಡಿನಲ್ಲಿ ಚೆಲ್ಲಿದ್ರೆ ಒಂದೊಂದು ತಲೆಯಿಂದ ಹೊಸ ಗುಳ್ಳೆ ಹುಟ್ಟಬಹುದು, ಮೇಲಿಂದ ಅಲರ್ಜಿಯ ಭಯ. ಇಡೀ ಆಪರೇಷನ್‌ನ ಜಾಣತನ ಇರೋದೇ ಇಲ್ಲಿ: ಗುಳ್ಳೆ ತೆಗೀಬೇಕು, ಹನಿ ನೀರು ಚೆಲ್ಲಬಾರದು.

ಹ್ಯಾಂಗ ಮಾಡ್ತಾರೆ? ಪೂರ್ತಿ ಮಂಪರು ಕೊಡ್ತಾರೆ. ಅರಿವಳಿಕೆ ಡಾಕ್ಟರು ಸಾಧ್ಯವಾದ ಕಡೆ ಎರಡು ಕೊಳವೆ ಜೋಡಿಸಿದ ವಿಶೇಷ ಟ್ಯೂಬ್ ಹಾಕ್ತಾರೆ. ಅದರಿಂದ ಎಡ ಪುಪ್ಪುಸ, ಬಲ ಪುಪ್ಪುಸ ಎರಡಕ್ಕೂ ಬ್ಯಾರೆ ಬ್ಯಾರೆ ಗಾಳಿ ಕೊಡಬಹುದು. ಒಂದು ಕಡೆ ಗುಳ್ಳೆ ಒಡೆದ್ರೂ ನೀರು ಇನ್ನೊಂದು ಕಡೆಗೆ ಹರಿಯೋದಿಲ್ಲ. ಆಮೇಲೆ ಎರಡು ಪಕ್ಕೆಲುಬಿನ ನಡುವೆ ಕೊಯ್ದು ಎದೆಗೂಡು ತೆರೀತಾರೆ. ಕೆಲವು ದೊಡ್ಡ ಕೇಂದ್ರಗಳಲ್ಲಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಹಾಕಿಯೂ ಮಾಡ್ತಾರೆ, ಆದ್ರೆ ಅದು ಎಲ್ಲ ಗುಳ್ಳೆಗೂ ಆಗೋದಿಲ್ಲ.

ಗುಳ್ಳೆಯ ಸುತ್ತ ಹುಳು ಕೊಲ್ಲೋ ದ್ರಾವಣದಲ್ಲಿ ಅದ್ದಿದ ಬಟ್ಟೆ ಹಾಸ್ತಾರೆ. ದಟ್ಟ ಉಪ್ಪು ನೀರು ಇಲ್ಲಾಂದ್ರೆ ಪೊವಿಡೋನ್ ಅಯೋಡಿನ್. ಆಮೇಲೆ ಎರಡು ದಾರಿ. ಗುಳ್ಳೆ ಸಣ್ಣದಿದ್ರೆ ಒಡೆಯದಂತೆ ಇಡೀದಾಗಿ ಹೊರಗೆ ತೆಗೀತಾರೆ. ದೊಡ್ಡದಿದ್ರೆ ಒಳಗಿನ ನೀರನ್ನ ಸಕ್ಷನ್‌ನಿಂದ ಎಳೆದು, ಗುಳ್ಳೆ ತೆರೆದು, ಬಿಳಿ ಪೊರೆಯನ್ನ ಪೂರ್ತಿ ತೆಗೀತಾರೆ.

ಗುಳ್ಳೆ ಹೋದ ಮೇಲೆ ಅಲ್ಲೊಂದು ಗೂಡು ಉಳೀತದ. ಅದರ ಗೋಡೆಯಲ್ಲಿ ಸಣ್ಣ ಸಣ್ಣ ಶ್ವಾಸನಾಳದ ಬಾಯಿಗಳು ತೆರೆದಿರ್ತಾವ. ಪಂಚರ್ ಅಂಗಡಿಯಾಗ ಟ್ಯೂಬನ್ನ ನೀರಿನಾಗ ಅದ್ದಿ ಎಲ್ಲಿ ಗುಳುಗುಳು ಬರ್ತದ ಅಂತ ನೋಡ್ತಾರಲ್ಲ? ಇಲ್ಲಿಯೂ ಅದೇ. ಗೂಡಿನೊಳಗೆ ಸಲೈನ್ ತುಂಬಿ, ಪುಪ್ಪುಸಕ್ಕೆ ಗಾಳಿ ಕೊಟ್ಟು, ಗುಳ್ಳೆ ಏಳೋ ಕಡೆ ಒಂದೊಂದಾಗಿ ಹೊಲಿಗೆ ಹಾಕ್ತಾರೆ. ಎಷ್ಟೋ ಸಲ ಗೂಡನ್ನೂ ತಳದಿಂದ ಮೇಲಿನವರೆಗೆ ಹೊಲಿದು ಮುಚ್ಚಿಬಿಡ್ತಾರೆ.

ಈಗ ಮೂರನೇ ಭಯ, ಪುಪ್ಪುಸ ಕತ್ತರಿಸೋದು. ಸಾಮಾನ್ಯವಾಗಿ ಹಂಗೇನಿಲ್ಲ. ಗುಳ್ಳೆ ಪಕ್ಕದ ಪುಪ್ಪುಸವನ್ನ ಒತ್ತಿ ಹಿಡಿದಿರ್ತದ, ತಿಂದಿರೋದಿಲ್ಲ. ಒತ್ತಡ ಹೋದ ಮೇಲೆ ಅದು ಮತ್ತೆ ಅರಳ್ತದ. ಅದಕ್ಕೆ ಸರ್ಜನ್‌ಗಳು ಆದಷ್ಟು ಪುಪ್ಪುಸ ಉಳಿಸೋ ಆಪರೇಷನ್ನೇ ಮಾಡ್ತಾರೆ. ಒಂದು ಭಾಗವನ್ನೇ ತೆಗೆಯೋ ಪ್ರಸಂಗ ಬರೋದು ಗುಳ್ಳೆ ಒಡೆದು ಕೀವಾಗಿ ಆ ಭಾಗ ಪೂರ್ತಿ ಹಾಳಾದಾಗ. ಅಂದ್ರೆ, "ಪುಪ್ಪುಸ ತೆಗೀತಾರ" ಅಂತ ಹೆದರಿ ಮುಂದೂಡಿದಷ್ಟೂ, ಪುಪ್ಪುಸ ತೆಗೆಯೋ ಸಂಭವ ಹೆಚ್ಚಾಗ್ತದ. ಈ ಇಡೀ ಎಪಿಸೋಡ್‌ನಿಂದ ಒಂದೇ ಮಾತು ನೆನಪಿಡ್ತೀರಂದ್ರೆ ಇದನ್ನ ಇಡ್ರಿ.

ಆಪರೇಷನ್ ಆದ ಮೇಲೆ ಎದೆಯಿಂದ ಒಂದು ಪೈಪು ಹೊರಗೆ ಬಂದು ನೀರಿನ ಬಾಟಲಿಗೆ ಸೇರಿರ್ತದ. ಅದನ್ನ ನೋಡಿ ಸಂಬಂಧಿಕರು ಗಾಬರಿ ಆಗ್ತಾರೆ. ಒಳಗೆ ಸೇರೋ ಗಾಳಿ, ನೀರು ಹೊರಗೆ ಹೋಗಲಿ ಅಂತ ಹಾಕಿರ್ತಾರೆ. ಬಾಟಲಿಯನ್ನ ಎದೆಯ ಮಟ್ಟಕ್ಕಿಂತ ಮೇಲೆ ಎತ್ತಬಾರದು, ಅಷ್ಟು ನೋಡಿಕೊಳ್ರಿ. ಗಾಳಿ ಸೋರೋದು ನಿಂತು, ಪುಪ್ಪುಸ ಅರಳಿದ ಮೇಲೆ ಪೈಪು ತೆಗೀತಾರೆ. ಕೆಲವರಿಗೆ ಸೋರಿಕೆ ಒಂದಷ್ಟು ದಿನ ಹೆಚ್ಚು ಹಿಡೀತದ, ಕೆಲವರಿಗೆ ಸೋಂಕಾಗಬಹುದು. ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿ ಕೊಟ್ಟು ಉಸಿರೆಳೀರಿ ಅಂತಾರಲ್ಲ, ನೋವು ಅಂತ ಅದನ್ನ ಪಕ್ಕಕ್ಕೆ ಇಡಬ್ಯಾಡ್ರಿ. ಪುಪ್ಪುಸ ಅರಳಿಸೋ ಕೆಲಸದಾಗ ಪೇಷಂಟಿನ ಪಾಲು ಅದೇ.

ಮನೆಗೆ ಬಂದ ಮೇಲೆ ಸಾಮಾನ್ಯವಾಗಿ ಅಲ್ಬೆಂಡಝೋಲ್ ಕೋರ್ಸ್ ಇರ್ತದ, ಗುಳ್ಳೆ ಮರಳಿ ಬರಬಾರದು ಅಂತ. ಕೊಬ್ಬಿನ ಅಂಶ ಇರೋ ಊಟದ ಜೊತೆ ತಗೊಂಡ್ರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ನಡುನಡುವೆ ಲಿವರ್ ಪರೀಕ್ಷೆ, ರಕ್ತ ಪರೀಕ್ಷೆ ಮಾಡಿಸಬೇಕು. ಬಸುರಿ ಇದ್ದರೆ, ಇರಬಹುದು ಅನ್ನಿಸಿದ್ರೆ ಮೊದಲೇ ಡಾಕ್ಟರ್‌ಗೆ ಹೇಳಬೇಕು. ಆರಾಮಾದೆ ಅಂತ ಅರ್ಧಕ್ಕೆ ಬಿಡಬಾರದು, ಫಾಲೋಅಪ್ ಸ್ಕ್ಯಾನ್ ತಪ್ಪಿಸಬಾರದು.

ಎಲ್ಲಿಗೆ ಹೋಗೋದು, ರೊಕ್ಕ ಹ್ಯಾಂಗ?

ಆಳಂದದಿಂದ, ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರ್, ಅಫಜಲಪುರದಿಂದ ಇನ್ನೂ ಸ್ವಲ್ಪ ದೂರ. ಕಲಬುರಗಿಯಲ್ಲಿ ಜಿಮ್ಸ್ ಅದ, ಇ.ಎಸ್.ಐ.ಸಿ. ಮೆಡಿಕಲ್ ಕಾಲೇಜ್ ಅದ, ಮಹಾದೇವಪ್ಪ ರಾಂಪುರೆ ಮೆಡಿಕಲ್ ಕಾಲೇಜಿನ ಬಸವೇಶ್ವರ ಆಸ್ಪತ್ರೆ ಅದ. ಪತ್ತೆ ಹಚ್ಚೋ ಕೆಲಸ ಇಲ್ಲಿಂದಲೇ ಶುರುವಾಗಲಿ. ಎದೆಯ ಆಪರೇಷನ್‌ಗೆ ಆ ವಿಭಾಗದ ಸರ್ಜನ್ ಬೇಕು. "ಎದೆ ಸರ್ಜನ್ ಇಲ್ಲೇ ಇದಾರಾ, ಮುಂದೆ ಕಳಿಸ್ತೀರಾ?" ಅಂತ ನೇರವಾಗಿ ಕೇಳ್ರಿ, ಸಂಕೋಚ ಬ್ಯಾಡ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಅದ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ರಾಜ್ಯದಲ್ಲಿ 2018ರಲ್ಲಿ ಶುರುವಾಯ್ತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಅದರಲ್ಲಿ ಸೇರಿತ್ತು. ತುರ್ತು ಅಲ್ಲದಿದ್ರೆ ಖಾಸಗಿ ಆಸ್ಪತ್ರೆಗೆ ಹೋಗೋದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಇಲ್ಲೇ ನಮ್ಮ ಮಂದಿ ಎಡವೋದು: ಮೊದಲು ಅಡ್ಮಿಟ್ ಆಗಿ, ಆಮೇಲೆ ಕಾಗದ ಹುಡುಕ್ತಾರೆ. ರೇಷನ್ ಕಾರ್ಡ್, ಆಧಾರ್ ಹಿಡ್ಕೊಂಡು ಮೊದಲು ಆರೋಗ್ಯ ಮಿತ್ರ ಅವರನ್ನ ಭೇಟಿ ಆಗ್ರಿ. ಆಳಂದ, ಅಫಜಲಪುರದವರು ಸೊಲ್ಲಾಪುರದ ಕಡೆ ಹೋಗೋದು ಹೆಚ್ಚು. ಬ್ಯಾರೆ ರಾಜ್ಯ ಅದು, ನಿಮ್ಮ ಕಾರ್ಡ್ ಅಲ್ಲಿ ನಡೀತದೇನು ಅಂತ ಹೊರಡೋ ಮುಂಚೆಯೇ ಕೇಳಿಕೊಳ್ರಿ.

ಖರ್ಚು ಯಾರ ಖಾತೆಗೆ?

ಈಗ ಮೊದಲು ಹೇಳಿದ ಲೆಕ್ಕಕ್ಕೆ ಬರೋಣ. ಒಂದು ಕುರಿಯ ಪುಪ್ಪುಸದಲ್ಲಿ ಗುಳ್ಳೆ ಅದ ಅಂತ ಇಟ್ಕೊಳ್ರಿ. ಕುರಿ ಸಾಕಿದವರಿಗೆ ನಷ್ಟ ಕಾಣೋದಿಲ್ಲ, ಕುರಿ ಮಾರಾಟ ಆಗೋದು ಮೈ ನೋಡಿ. ಮಟನ್ ಅಂಗಡಿಯವರಿಗೆ ನಷ್ಟ ಇಲ್ಲ, ಗುಳ್ಳೆ ಇರೋ ತುಂಡು ಕೊಯ್ದು ಬಿಸಾಕ್ತಾರೆ. ನಾಯಿಗಂತೂ ಹಬ್ಬದ ಊಟ. ಈ ಮೂರು ಖಾತೆಯಲ್ಲಿ ಎಲ್ಲೂ ಖರ್ಚು ಬರೆದಿಲ್ಲ. ಹತ್ತು ವರ್ಷ ಆದ ಮೇಲೆ, ಇನ್ಯಾರದೋ ಮನೆಯ ಮಗಳು ಎದೆ ಕೊಯ್ಸಿಕೊಂಡು ಆ ಬಿಲ್ಲು ಕಟ್ತಾಳೆ. ಬಿಲ್ಲು ಕಟ್ಟೋರು ಒಬ್ಬರು, ತಪ್ಪಿಸಬಲ್ಲೋರು ಇನ್ನೊಬ್ಬರು. ಅದಕ್ಕೇ ಈ ಕಾಯಿಲೆ ಇಷ್ಟು ವರ್ಷ ನಡ್ಕೊಂಡು ಬಂದದ. ಜಗತ್ತಿನಲ್ಲಿ ಯಾವುದೇ ಹೊತ್ತಿಗೆ 10 ಲಕ್ಷಕ್ಕಿಂತ ಹೆಚ್ಚು ಮಂದಿಗೆ ಎಕಿನೋಕಾಕಸ್ ಹುಳುವಿನ ಕಾಯಿಲೆ ಇರ್ತದ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ.

ಸರ್ಜನ್ ಒಂದು ಗುಳ್ಳೆ ತೆಗೀಬಹುದು. ಸುತ್ತನ್ನ ಅವರು ಕತ್ತರಿಸೋಕೆ ಆಗೋದಿಲ್ಲ. ಅದು ನಮ್ಮ ಕೆಲಸ, ಮತ್ತೆ ಅದು ಅಸಾಧ್ಯವಲ್ಲ. ಐಸ್‌ಲ್ಯಾಂಡ್ ಒಂದು ಕಾಲಕ್ಕೆ ಈ ಕಾಯಿಲೆಗೆ ಕುಖ್ಯಾತಿ ಪಡೆದಿದ್ದ ದೇಶ. ಅಲ್ಲಿಯೂ ಕುರಿ, ನಾಯಿ, ಮನುಷ್ಯ ಒಂದೇ ಸೂರಿನಡಿ. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಅನ್ನೋ ವಿಜ್ಞಾನಿ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ, 1864ರಲ್ಲಿ ಅಲ್ಲಿಯ ಭಾಷೆಯಲ್ಲೇ ಒಂದು ಸಣ್ಣ ಪುಸ್ತಕ ಬಂತು, ಅದನ್ನ ಮನೆಮನೆಗೆ ಹಂಚಿದ್ರು. ಮುಖ್ಯ ಮಾತು: ಗುಳ್ಳೆ ಇರೋ ಅಂಗ ನಾಯಿಗೆ ಹಾಕಬ್ಯಾಡ್ರಿ, ಸುಡ್ರಿ ಇಲ್ಲ ಹೂಳ್ರಿ, ನಾಯಿಗೆ ಹುಳುವಿನ ಔಷಧಿ ಕೊಡ್ರಿ. ಆಗ ಸ್ಕ್ಯಾನ್ ಇರಲಿಲ್ಲ, ಅಲ್ಬೆಂಡಝೋಲ್ ಇರಲಿಲ್ಲ. ಆದರೂ ಮುಂದಿನ ತಲೆಮಾರುಗಳಲ್ಲಿ ಅಲ್ಲಿ ಕಾಯಿಲೆ ಹೋಯ್ತು. ನ್ಯೂಜಿಲೆಂಡ್ ಕುರಿಗಳ ನಾಡು, ಅದು ಕೂಡ 2002ರಲ್ಲಿ ತಾನು ಈ ಕಾಯಿಲೆಯಿಂದ ಮುಕ್ತ ಅಂತ ಘೋಷಿಸಿತು.

ನಮ್ಮ ಊರಿಗೆ ಇದನ್ನ ಹೊಂದಿಸಿ ಹೇಳೋದಾದ್ರೆ ನಾಲ್ಕು ಕೆಲಸ.

ಒಂದು, ಜಾತ್ರೆ, ಕಂದೂರಿ, ಬಕ್ರೀದ್, ಹರಕೆ, ಎಲ್ಲೇ ಕುರಿ ಕೊಯ್ಯಲಿ, ಒಂದು ಆಳವಾದ ಗುಂಡಿ ಮೊದಲೇ ತೋಡಿರಲಿ. ಗುಳ್ಳೆ ಕಂಡ ಪುಪ್ಪುಸ, ಲಿವರ್ ಅದರೊಳಗೆ ಹೋಗಿ, ಮೇಲೆ ಮಣ್ಣು, ಮಣ್ಣಿನ ಮೇಲೆ ಕಲ್ಲು. ನಾಯಿ ಕೆದರಬಾರದು. ಊರಾಗಿನ ಯುವಕರ ಸಂಘ ಪೆಂಡಾಲು, ಸೌಂಡು ನೋಡಿಕೊಳ್ತದಲ್ಲ, ಈ ಗುಂಡಿಯ ಜವಾಬ್ದಾರಿಯೂ ತಗೊಳ್ಳಲಿ.

ಎರಡು, ಸಾಕಿದ ನಾಯಿಗೆ ಪ್ರಾಜಿಕ್ವಾಂಟೆಲ್ ಅನ್ನೋ ಔಷಧಿ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ, ವರ್ಷಕ್ಕೆ ಕನಿಷ್ಠ 4 ಸಲ. ರೇಬಿಸ್ ಲಸಿಕೆ ಹಾಕಿಸಿದ್ರೆ ಈ ಹುಳು ಸಾಯೋದಿಲ್ಲ, ಎರಡೂ ಬ್ಯಾರೆ. ಈ ಔಷಧಿ ಹುಳು ಕೊಲ್ತದ, ಮೊಟ್ಟೆ ಕೊಲ್ಲೋದಿಲ್ಲ. ಹಾಗಾಗಿ ಕೊಟ್ಟ ಮೇಲೆ ಒಂದೆರಡು ದಿನ ನಾಯಿ ಕಟ್ಟಿ ಹಾಕಿ, ಅದರ ಹೇಲು ಹೂಳಬೇಕು.

ಮೂರು, ನಾಯಿ ಮುಟ್ಟಿದ ಮೇಲೆ, ಹೊಲದ ಕೆಲಸ ಆದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯೋದು. ಹಸಿ ತಿನ್ನೋ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಸೌತೆಕಾಯಿ ಚೆನ್ನಾಗಿ ತೊಳೆಯೋದು.

ನಾಲ್ಕು, ಮನೆಯಲ್ಲಿ ಒಬ್ಬರಿಗೆ ಬಂದಿದ್ರೆ ಉಳಿದವರದ್ದೂ ಒಮ್ಮೆ ತಪಾಸಣೆ ಮಾಡಿಸೋದು. ಅಂಟಿರ್ತದ ಅಂತ ಅಲ್ಲ. ಎಲ್ಲರೂ ಅದೇ ನಾಯಿ ಜೊತೆ, ಅದೇ ನೀರು ಕುಡಿದು ಬೆಳೆದಿರ್ತೀರಿ.

ಒಂದು ಕೋರಿಕೆ. ಇದನ್ನ ಕೇಳಿ ನಾಯಿಗೆ ಕಲ್ಲು ಹೊಡೀಬ್ಯಾಡ್ರಿ, ಕುರಿ ಕಾಯೋರನ್ನ ಬೆರಳು ತೋರಿಸಿ ಮಾತಾಡಬ್ಯಾಡ್ರಿ. ತೋಳದಿಂದ ಹಿಂಡು ಕಾಯೋದು ಆ ನಾಯಿನೇ. ಈ ಕಾಯಿಲೆಗೆ ಮೊದಲು ಸಿಗೋದೂ ಕುರಿ ಕಾಯೋರ ಮಕ್ಕಳೇ. ಅವರು ಬಿಸಿಲಾಗ, ಮಳ್ಯಾಗ ಹಿಂಡಿನ ಹಿಂದೆ ನಡೀತಿರ್ತಾರೆ, ಪಾಡ್‌ಕಾಸ್ಟ್ ಹುಡುಕಿ ಕೇಳೋಕೆ ಅವರಿಗೆ ಪುರಸೊತ್ತಿಲ್ಲ. ನಿಮ್ಮ ಹೊಲದಾಗ ಈ ಸಲ ಕುರಿ ನಿಂತಾಗ ಚಹಾ ಕೊಡ್ತೀರಲ್ಲ, ಆಗ ಈ ನಾಲ್ಕು ಮಾತು ಅವರ ಕಿವಿಗೂ ಹಾಕ್ರಿ.

ಮನೆಯಲ್ಲಿ ಯಾರಿಗಾದ್ರೂ ಈ ಆಪರೇಷನ್ ಹೇಳಿದ್ದು, ನೀವು "ಬ್ಯಾಸಿಗಿ ಮುಗೀಲಿ, ರಾಶಿ ಮುಗೀಲಿ" ಅಂತ ಮುಂದೂಡ್ತಾ ಇದ್ರೆ, ಈ ವಾರನೇ ಡಾಕ್ಟರ್ ಹತ್ತಿರ ಹೋಗಿ ದಿನಾಂಕ ಬರೆಸಿಕೊಳ್ರಿ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಶರಣು.